ಎಡಮೂಲೆಯ ಎರಡು ಟಿಕೇಟು

ನನ್ನ ಕಣ್ಣು ಕೆಟ್ಟದ್ದು ಎಂದು ನಮ್ಮ ಅಮಾಗಾಸಾಕಿಯ ಅಂಗಡಿಬೀದಿ ಸರ್ವಾನುಮತದಿಂದ ತೀರ್ಮಾನಿಸಿ ಇಪ್ಪತ್ತಾರು ವರ್ಷವಾಯಿತು. (ವಿರುದ್ಧವಾಗಿ ಬಿದ್ದ ಒಂದೇ ಮತ ನನ್ನದು, ಅದನ್ನು ಎಣಿಸಲಿಲ್ಲ.) ಮಕ್ಕಳಿಗೆ ಜ್ವರ ಬರಿಸುವಂಥ ಸಣ್ಣಪುಟ್ಟ ದೃಷ್ಟಿಯಲ್ಲ ನನ್ನದು. ನಾನು ನೋಡಿದರೆ ಸಾಕು, ನಮ್ಮ ಬೇಸ್‌ಬಾಲ್ ತಂಡ, ಅಂದರೆ ನಮ್ಮ ಹುಲಿಗಳು, ನೆಲ ಕಚ್ಚುತ್ತವಂತೆ.

ನನ್ನ ಗಂಡ ತೊಕುಜಿಯವರದು ಕ್ಷೌರದಂಗಡಿ. ಮೂರು ಕುರ್ಚಿ, ಎರಡು ಕನ್ನಡಿ, ಒಂದು ಟಿವಿ. ಗಿರಾಕಿಗಳಿಗೆ ಚಹಾ ಹಿಡಿದು ನಾನು ಪರದೆ ಸರಿಸಿದೆನೋ, ಟಿವಿಯೊಳಗೆ ನಮ್ಮ ಹುಡುಗ ಔಟ್. "ಲೇ ಮಿತ್ಸುಯೊ, ಒಳಗೆ ಹೋಗೇ!" ಎಂದು ಇವರು ಕತ್ತಿ ಝಳಪಿಸುತ್ತಾರೆ. ಕತ್ತಿಯ ಕೆಳಗೆ ಗಿರಾಕಿಯ ಗಂಟಲಿದೆ ಎಂಬ ಪರಿವೆ ಇರುವುದಿಲ್ಲ. ಹುಲಿಗಳು ಕಪ್ ಗೆದ್ದ ವರ್ಷ ನಾನು ಪಿತ್ತಕೋಶದ ಕಲ್ಲಿಗೆಂದು ಆಸ್ಪತ್ರೆಯಲ್ಲಿದ್ದೆ. ಬೀದಿಯವರೆಲ್ಲ ಹಣ್ಣು ಹಿಡಿದು ಬಂದು, "ನಿಧಾನಕ್ಕೆ ಹುಷಾರಾಗಿ ಅಮ್ಮಾ, ಅವಸರ ಏನೂ ಇಲ್ಲ" ಎಂದು ಹರಸಿ ಹೋದರು.

ಮೇ ತಿಂಗಳ ಆ ಭಾನುವಾರ ಟೋಕಿಯೋ ತಂಡದ, ಅಂದರೆ ದೈತ್ಯರ, ಜೊತೆ ಪಂದ್ಯ. ಹಾವು ಮುಂಗುಸಿ ಎಂದರೆ ಹಾವಿಗೂ ಅವಮಾನ, ಮುಂಗುಸಿಗೂ ಅವಮಾನ. ಟಿಕೇಟು ತಿಂಗಳ ಹಿಂದೆಯೇ ಖಾಲಿ. ಹನ್ನೆರಡೂವರೆಗೆ ನಮ್ಮ ಕುರ್ಚಿಯಲ್ಲಿ ಹಯಾಮಿ ಕೂತಿದ್ದ. ನಮ್ಮ ಮಹಡಿಯ ಬಾಡಿಗೆದಾರ. ಎರಡು ವರ್ಷದ ಕೆಳಗೆ ಟೋಕಿಯೋದಿಂದ ವರ್ಗವಾಗಿ ಬಂದ ಸಾಧುಪ್ರಾಣಿ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

"ಅಯ್ಯೋ, ಹೆಂಡ್ತಿಗೆ ನೋವು ಶುರುವಾಯ್ತಂತೆ! ಮೂರು ವಾರ ಮುಂಚೆನೇ!" ಎಂದು ನೊರೆ ಸಮೇತ ಎದ್ದ. ಬಾಗಿಲ ತನಕ ಓಡಿದವನು ಮರಳಿ ಬಂದು ಜೇಬಿನಿಂದ ಲಕೋಟೆ ತೆಗೆದ. "ಇವತ್ತಿನ ಪಂದ್ಯದ ಎರಡು ಟಿಕೇಟು. ಹಾಳಾಗೋದು ಬೇಡ, ನೀವೇ ಹೋಗಿ. ಆದ್ರೆ ಸೀಟು ಸ್ವಲ್ಪ..."

"ಸೀಟು ಯಾವುದಾದ್ರೇನಪ್ಪಾ! ಕೋಶಿಯೆನ್ ಮೈದಾನ ಪೂರ್ತಿ ನಮ್ಮದೇ! ನೀನು ಓಡು, ಮಗು ಕಾಯಲ್ಲ!" ಎಂದು ಇವರು ಅವನನ್ನು ಬೀದಿಗೆ ನೂಕಿದರು.

ಇವರ ಸ್ನೇಹಿತರೆಲ್ಲ ಬೆಳಿಗ್ಗೆಯೇ ಮೈದಾನ ಸೇರಿದ್ದರು. ನಾನು ಲಕೋಟೆಯಿಂದ ಒಂದು ಟಿಕೇಟು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಇದು ನಂದು."

"ನಿಂದಾ? ತಲೆ ನೆಟ್ಟಗಿದೆಯಾ? ಟಿವಿಲಿ ನೋಡಿದ್ರೇ ಸೋಲ್ತಾರೆ, ಎದುರಿಗೆ ಹೋಗಿ ನೋಡಿದ್ರೆ ಮೈದಾನ ಕುಸಿದು ಬೀಳುತ್ತೆ ಕಣೇ!"

"ಕೇಳಿ ಇಲ್ಲಿ. ಇವತ್ತು ನನ್ನ ಎದುರಿಗೇ ಗೆದ್ರೆ ನೀವು ಇಡೀ ಬೀದಿ ಮುಂದೆ ನನ್ನ ಕ್ಷಮೆ ಕೇಳ್ಬೇಕು. ಸೋತ್ರೆ, ಸಾಯೋ ತನಕ ಬೇಸ್‌ಬಾಲ್ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ."

ಇವರು ಎರಡನೆಯದಕ್ಕೆ ಆಸೆಪಟ್ಟು ಒಪ್ಪಿದರು. ಒಂದು ಷರತ್ತು ಮಾತ್ರ: ನಮ್ಮವರು ಬ್ಯಾಟು ಹಿಡಿದಾಗ ನಾನು ಕಣ್ಣು ಮುಚ್ಚಿಕೊಳ್ಳಬೇಕು. ಆಗಲಿ ಎಂದೆ. ಇಪ್ಪತ್ತಾರು ವರ್ಷದ ಕಳಂಕ ತೊಳೆಯುವುದಿದ್ದರೆ ಮೂಗನ್ನೂ ಮುಚ್ಚಿಕೊಂಡೇನು.

ಇವರು ಹಳದಿ ಕಪ್ಪು ಪಟ್ಟೆಯ ಹುಲಿ ಅಂಗಿ ತೊಟ್ಟು, ತಾಳ ಹಾಕುವ ಪ್ಲಾಸ್ಟಿಕ್ ಬ್ಯಾಟುಗಳನ್ನು ಕೊರಳಿಗೆ ನೇತುಹಾಕಿಕೊಂಡು, ದಂಡಯಾತ್ರೆಗೆ ಹೊರಟ ಸೇನಾಧಿಪತಿಯಂತೆ ರೈಲು ಹತ್ತಿದರು. ಮೈದಾನದ ದ್ವಾರದಲ್ಲಿ ಟಿಕೇಟು ನೋಡಿದ ಹುಡುಗಿ ಸೊಂಟ ಬಗ್ಗಿಸಿ ನಮಸ್ಕರಿಸಿದಳು.

"ಕ್ಷಮಿಸಿ, ಇದು ಎಡಮೂಲೆ. ಟೋಕಿಯೋ ತಂಡದವರ ಜಾಗ. ಇಲ್ಲಿ ಹುಲಿ ಅಂಗಿ ಹಾಕೋ ಹಾಗಿಲ್ಲ, ಹುಲಿಗಳಿಗೆ ಕೂಗೋ ಹಾಗೂ ಇಲ್ಲ."

ಮೈದಾನ ಪೂರ್ತಿ ನಮ್ಮದು, ಆ ಒಂದು ಅಂಗೈಯಗಲ ಮೂಲೆ ಬಿಟ್ಟು. ನಮ್ಮ ಬೀದಿಯವರಿಗೆ ಅಂಥದ್ದೊಂದು ಜಾಗ ಇದೆಯೆಂಬ ನೆನಪೇ ಇರುವುದಿಲ್ಲ. ಸಾಧುಪ್ರಾಣಿ ಹಯಾಮಿ ಎರಡು ವರ್ಷ ನಮ್ಮ ಮಹಡಿಯಲ್ಲಿ ಗುಟ್ಟಾಗಿ ದೈತ್ಯನಾಗಿದ್ದನೆಂಬುದು ಆಗ ಗೊತ್ತಾಯಿತು. ಇವರ ಮುಖ ಸುಣ್ಣವಾಯಿತು. ಹಿಂದಿರುಗೋಣವೆಂದರೆ ಒಳಗಿಂದ ನಲವತ್ತು ಸಾವಿರ ಗಂಟಲ ಗರ್ಜನೆ ಕರೆಯುತ್ತಿದೆ. ಕೊನೆಗೆ ಅಂಗಿ ಬಿಚ್ಚಿ ಚೀಲಕ್ಕೆ ತುರುಕಿ, ಬನಿಯನ್ನಿನಲ್ಲೇ ಶತ್ರುಪಾಳೆಯ ಹೊಕ್ಕರು.

ನನ್ನ ಪಕ್ಕದಲ್ಲಿ ಶಿರಾಕಾವಾ ಎಂಬ ಮುದುಕಿ. ಮುಂಜಾನೆಯ ರೈಲಿಗೆ ಟೋಕಿಯೋದಿಂದ ಬಂದವರು. ನಮ್ಮ ಕಡೆ ಹೆಂಗಸರ ಕೈಚೀಲದಲ್ಲಿ ಕೀಲಿ ಇಲ್ಲದಿದ್ದರೂ ಪೆಪ್ಪರಮಿಂಟು ಇರುತ್ತದೆ, ಪಕ್ಕದಲ್ಲಿ ಕೂತವರಿಗೆ ಕೊಡದೆ ಇರಲಿಕ್ಕಾಗುವುದಿಲ್ಲ. ನಾನು ಎರಡು ಕೊಟ್ಟೆ. ಅವರು ಮೊಟ್ಟೆಯ ಸ್ಯಾಂಡ್‌ವಿಚ್ ಕೊಟ್ಟು, ಜೊತೆಗೆ ಒಂದು ಕಿತ್ತಳೆ ಬಣ್ಣದ ಟವೆಲ್ಲನ್ನೂ ಕೈಗಿಟ್ಟರು. "ನಮ್ಮವರು ಹೊಡೆದಾಗ ಇದನ್ನ ಗಿರಗಿರ ತಿರುಗಿಸಿ, ಮಜಾ ಇರುತ್ತೆ."

ತಿಂದ ಸ್ಯಾಂಡ್‌ವಿಚ್ಚಿನ ಋಣ, ತಿರುಗಿಸಿದೆ. ಆಹಾ, ಏನು ಸುಖ! ಕಣ್ಣು ಬಿಟ್ಟುಕೊಂಡು, ಬಾಯಿ ತೆರೆದು, ಯಾರ ಬೈಗುಳವೂ ಇಲ್ಲದೆ ಕೂಗಿ ಎಷ್ಟು ವರ್ಷವಾಗಿತ್ತು! ಯಾರಿಗೆ ಕೂಗುತ್ತಿದ್ದೇನೆ ಎಂಬುದೇ ಮರೆತುಹೋಯಿತು. ಕಣ್ಣಲ್ಲಿ ನೀರೂ ಬಂತು.

"ಏಯ್, ಮಾನ ಇದೆಯೇನೇ?" ಇವರು ಹಲ್ಲು ಕಡಿದರು. "ಆ ದೈತ್ಯರಿಗೆ ಕೂಗ್ತೀಯಲ್ಲ!"

"ನಮ್ಮವರನ್ನ ನೋಡ್ಬೇಡ ಅಂದ್ರಿ, ನೋಡ್ತಿಲ್ಲ. ಅವರನ್ನ ನೋಡ್ಬೇಡ ಅಂದಿದ್ರಾ?"

ಐದನೆಯ ಇನ್ನಿಂಗ್ಸ್ ಹೊತ್ತಿಗೆ ಇವರು ಹಲ್ಲು ಕಡಿಯುವುದನ್ನು ನಿಲ್ಲಿಸಿ ಬೆರಳು ಮಡಿಸತೊಡಗಿದರು. ನಾನು ಹೆಸರು ಹಿಡಿದು ಕೂಗಿದ ಒಬ್ಬೊಬ್ಬ ದೈತ್ಯನೂ ಔಟಾಗುತ್ತಿದ್ದ. ನಾನು ಪಾಯಿಖಾನೆಗೆ ಹೋಗಿದ್ದಾಗ ಮಾತ್ರ ಅವರು ಮೂರು ರನ್ ಹೊಡೆದರು. ನಾನು ಬಂದು ಕೂರುವಷ್ಟರಲ್ಲಿ ಇವರ ದನಿಯೇ ಬದಲಾಗಿತ್ತು.

"ಎಲ್ಲಿ ಹೋಗಿದ್ಯೇ? ಇನ್ನು ಏಳಬೇಡ. ಟವೆಲ್ ತಗೋ. ಕೂಗು!"

ಕೊನೆಯ ಇನ್ನಿಂಗ್ಸ್. ದೈತ್ಯರು ಮೂರು, ನಾವು ಎರಡು. ಅವರ ಓಟಗಾರರು ಮೂರು ಕಡೆಯೂ ಹೊಂಚುಹಾಕಿ ನಿಂತಿದ್ದಾರೆ. ಇನ್ನೊಂದು ಒಳ್ಳೆ ಹೊಡೆತ ಬಿದ್ದರೆ ನಮ್ಮ ಕಥೆ ಮುಗಿಯಿತು. "ಮನಸಾರೆ ಕೂಗು, ನನ್ನ ತಾಯಿ!" ಎಂದು ಇವರು ಕೈಮುಗಿದರು. (ಮದುವೆಯಲ್ಲೂ ಮುಗಿದಿರಲಿಲ್ಲ.) ನಾನು ಶಿರಾಕಾವಾ ಅಮ್ಮನ ಹೆಗಲು ತಬ್ಬಿ ದೈತ್ಯರ ಹಾಡನ್ನು ಗಂಟಲು ಹರಿಯುವಂತೆ ಹಾಡಿದೆ. ಚೆಂಡು ನೆಟ್ಟಗೆ ನಮ್ಮ ಹುಡುಗನ ಕೈಗೆ! ಒಂದೇ ಏಟಿಗೆ ಇಬ್ಬರು ಔಟ್, ಅವರ ಸರದಿ ಮುಗಿಯಿತು.

ಈಗ ನಮ್ಮ ಸರದಿ. ನಾನು ಕಣ್ಣು ಮುಚ್ಚಿದೆ.

"ಮುಚ್ಚಬೇಡ ಕಣೇ! ಬಿಡು ಕಣ್ಣು! ಆ ಚೆಂಡು ಎಸೆಯೋ ದೈತ್ಯನಿಗೆ ಆಶೀರ್ವಾದ ಮಾಡು!"

"ಗೆದ್ದು ಬಾ ಮಗನೇ!" ಎಂದು ಅವನಿಗೆ ಟವೆಲ್ ಬೀಸಿದೆ. ಅವನು ಎಸೆದ. ನಮ್ಮವನು ಬೀಸಿದ. ಚೆಂಡು ಆಕಾಶಕ್ಕೆ ಹೋಯಿತು, ತಿರುಗಿತು, ಗೋಡೆ ದಾಟಿ ನಮ್ಮ ಮೂಲೆಗೇ ಬಂದು ಬಿತ್ತು. ಹೊಡೆದವನದೊಂದು, ಆಗಲೇ ಓಟಕ್ಕೆ ನಿಂತಿದ್ದವನದೊಂದು, ಒಟ್ಟು ಎರಡು ರನ್, ಪಂದ್ಯ ಮುಗಿಯಿತು, ನಾವು ಗೆದ್ದೆವು! ಇಡೀ ಕೋಶಿಯೆನ್ ಎದ್ದು ಕುಣಿಯಿತು. ಕುಣಿಯಲಾಗದೆ ಇವರು ಮಾತ್ರ ಕಿತ್ತಳೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಗಳಗಳ ಅತ್ತರು. "ಪಾಪ, ಎಷ್ಟು ನೊಂದಿದ್ದಾರೆ" ಎಂದು ಶಿರಾಕಾವಾ ಅಮ್ಮ ಇವರ ಬೆನ್ನು ಸವರಿದರು.

ಅಂಗಡಿಬೀದಿಯಲ್ಲಿ ಇವರು ಮಾತು ಉಳಿಸಿಕೊಂಡರು. ಎಲ್ಲರೆದುರು ತಲೆ ಬಗ್ಗಿಸಿ, "ತಪ್ಪಾಯ್ತು. ಇವತ್ತು ಗೆಲ್ಲಿಸಿದ್ದು ನನ್ನ ಹೆಂಡ್ತಿ" ಎಂದರು. ಬೀದಿಗೆ ಬೀದಿಯೇ ಜಯಕಾರ ಹಾಕಿತು. ನನ್ನ ಕಾಲು ನೆಲದ ಮೇಲಿರಲಿಲ್ಲ, ಸುಳ್ಳೇಕೆ ಹೇಳಲಿ.

ಮರುದಿನ ಬೀದಿ ಸಂಘದ ಅಧ್ಯಕ್ಷ, ತೋಫು ಅಂಗಡಿಯ ಕುಸುನೊಕಿ, ಏಳು ಜನರನ್ನು ಕಟ್ಟಿಕೊಂಡು ರಿಬ್ಬನ್ ಸುತ್ತಿದ ಪೆಟ್ಟಿಗೆಯೊಂದಿಗೆ ಬಂದರು. ಸನ್ಮಾನ! ನಾನು ರೇಷ್ಮೆ ಕಿಮೊನೊ ಉಟ್ಟು, "ಕೊನೆಗೂ ಸತ್ಯಕ್ಕೇ ಜಯ. ಇನ್ನು ಮೇಲೆ ನಾನೂ ನಿಮ್ಮ ಜೊತೆ ಕೂತು ನಮ್ಮ ಹುಲಿಗಳಿಗೆ..." ಎಂದು ಭಾಷಣ ಶುರುಮಾಡಿದೆ. ಎಂಟೂ ಮುಖಗಳು ಬಿಳಿಚಿಕೊಂಡವು.

"ಬೇಡ ಅಮ್ಮಾ! ದಮ್ಮಯ್ಯ, ಬೇಡ!"

ಪೆಟ್ಟಿಗೆ ಬಿಚ್ಚಿದೆ. ದೈತ್ಯರ ಅಂಗಿ, ನನ್ನ ಅಳತೆಗೆ ಒಂದು ಸೈಜು ದೊಡ್ಡದು. ಜೊತೆಗೆ ಈ ವರ್ಷ ದೈತ್ಯರ ಜೊತೆ ಉಳಿದಿರುವ ಪಂದ್ಯಗಳಿಗೆಲ್ಲ ಎಡಮೂಲೆಯ ಟಿಕೇಟು, ಪಂದ್ಯಕ್ಕೆ ಒಂದೊಂದು.

"ಒಂದೊಂದೇ? ಹಾಗಾದ್ರೆ ನೀವು?" ಎಂದು ಗಂಡನನ್ನು ಕೇಳಿದೆ.

"ನಾವೆಲ್ಲ ಬಲಗಡೆ ಕಣೇ, ನಮ್ಮವರ ಜೊತೆ" ಎಂದು ಇವರು ಅಂಗಿಯನ್ನು ನನ್ನ ಕಿಮೊನೊದ ಮೇಲೆಯೇ ತೊಡಿಸಿ, ಗುಂಡಿ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಮುಗಿದರು. "ಎಲ್ಲಿ, ಆ ಹಾಡು ಒಂದ್ಸಲ ಅಭ್ಯಾಸ ಮಾಡು ನೋಡೋಣ. ಪ್ರೀತಿಯಿಂದ."