ಸ್ಪಿರಿಟಿಗೆ ಸಡಿಲವಾದ ಸೀರೆ

ಕಾನ್ವೆಂಟಿನಲ್ಲಿ ನನ್ನ ಕ್ರಿಶ್ಚಿಯನ್ ಗೆಳತಿಯರು ಶನಿವಾರ ಸಾಲುಗಟ್ಟಿ ಪಾದ್ರಿಗಳ ಕಿವಿಗೆ ತಪ್ಪು ಒಪ್ಪಿಸಿ ಹಗುರಾಗಿ ಬರುತ್ತಿದ್ದರು. ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದ ನನಗೆ ಹೊಟ್ಟೆಕಿಚ್ಚು. ನಮ್ಮಂಥವರ ತಪ್ಪು ಕೇಳುವ ಕಿವಿಯಿಲ್ಲ. ಅದಕ್ಕೇ ಕಾಗದದ ಮೇಲೆ ಬರೆಯುತ್ತೇನೆ. ಕಾಗದಕ್ಕಂತೂ ದಾಂಡೇಲಿಯಲ್ಲಿ ಬರವಿಲ್ಲ.

ನನ್ನವರು ಇಲ್ಲಿನ ಕಾಗದದ ಮಿಲ್ಲಿನ ಲ್ಯಾಬಿನಲ್ಲಿದ್ದಾರೆ. ಮದುವೆಯಾಗಿ ಅಂಬೇವಾಡಿಯ ಈ ಮನೆಗೆ ಬಂದು ಎರಡು ವರ್ಷವಾದರೂ ಮನಸ್ಸಿನಲ್ಲಿ ನಾನಿನ್ನೂ ತವರೂರು ಧಾರವಾಡದಲ್ಲೇ ಇದ್ದೇನೆ. ಮಿಲ್ಲಿನ ಭೋಂಗಾ ಕೂಗಿದರೆ ಅಪ್ಪ ಕಚೇರಿಗೆ ಹೊರಡುವ ಹೊತ್ತಾಯಿತು ಎನ್ನಿಸುತ್ತದೆ. ಹೀಗಿರುವಾಗ ಅವ್ವನ ಪತ್ರ ಬಂತು. ಬಸುರಿ ತಂಗಿಯ ಕುಬಸ. ಉಡಿ ತುಂಬಲು ಮನೆಮಗಳು ನೀನು ಮುಂದಿರಬೇಕು. ನಾನು ಕೊಟ್ಟ ಹತ್ತಿಯ ಸೀರೆಯನ್ನೇ ಉಟ್ಟು ಬಾ ಎಂದು ಬರೆದಿದ್ದಳು. 'ಮನೆಮಗಳು' ಎಂಬ ಮಾತನ್ನು ಎಷ್ಟು ಸಲ ಓದಿದೆನೆಂದರೆ, ಪತ್ರ ಮಡಿಕೆಯಲ್ಲಿ ಹರಿಯಿತು.

ಸೀರೆಗೆ ಗಂಜಿ ಹಾಕಬೇಕಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಶರಬತ್ತಿನ ಬಾಟಲಿಯಲ್ಲಿ ಬೆಳ್ಳನೆಯ, ದಪ್ಪನೆಯ ದ್ರವವಿತ್ತು. ನಮ್ಮ ಸಾಲಿನಲ್ಲಿ ಅನ್ನ ಬಸಿದ ಗಂಜಿ ಮನೆಯಿಂದ ಮನೆಗೆ ಹೋಗುವುದುಂಟು. ಪಕ್ಕದ ಖತೀಜಾಬಾಯಿ ಕಳಿಸಿರಬೇಕೆಂದು ಪೂರಾ ಬಾಟಲಿ ಬಕೆಟ್ಟಿಗೆ ಸುರಿದು, ಸೀರೆ ಅದ್ದಿ, ಮಡಿಸಿ ಒಣಹಾಕಿದೆ. ಮಧ್ಯಾಹ್ನ ನೋಡಿದರೆ ಸೀರೆ ತಂತಿಯ ಮೇಲೆ ತಗಡಿನಂತೆ ನಿಂತಿತ್ತು. ಮಡಿಕೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು.

ಖತೀಜಾಬಾಯಿ ಬೇಲಿಯಾಚೆಯಿಂದ ಬೆರಳಿನಲ್ಲಿ ಟಕಟಕ ಬಡಿದು ನೋಡಿದಳು. "ಬಾಯೀ, ನಿಮ್ಮ ಬಚ್ಚಲಕ್ಕ ಬಾಗಲಾ ಇಲ್ಲಲ್ರಿ, ಇದನ್ನ ಹಚ್ಚಿಬಿಡ್ರಿ."

ನೀರಿನಲ್ಲಿ ನೆನೆಸಿದೆ. ಬೆಳ್ಳಗಾಯಿತೇ ಹೊರತು ಬಿಡಲಿಲ್ಲ. ಸಂಜೆ ಮನೆಗೆ ಬಂದ ನನ್ನವರು ಮೊದಲು ಬಾಟಲಿ ನೋಡಿದರು, ಆಮೇಲೆ ನನ್ನ ಮುಖ.

"ಅದು ಗಂಜಿ ಅಲ್ಲ, ನಾ ತಂದಿಟ್ಟ ಲ್ಯಾಬಿನ ಅಂಟು. ಅದರಾಗ ಸರಪಳಿಯಂಥಾ ಉದ್ದನ್ನ ಅಣು ಅದಾವ. ಅವಕ್ಕ ನೀರು ಸೇರೂದಿಲ್ಲ, ಮುದ್ದಿಯಾಗಿ ಕುಂದರ್ತಾವ. ಸುತ್ತಲೂ ಇನ್ನೊಂದು ಜಾತಿ ಸರಪಳಿ ಐತಿ. ಅದರದು ನೀರು ಸೇರೂ ಭಾಗ ಹೊರಗ, ಸೇರದ ಭಾಗ ಒಳಗ. ಹಂಗಾಗಿ ಎಲ್ಲಾ ಹಾಲಿನಂಗ ತೇಲ್ಕೋತ ಇರ್ತಾವ. ನೀರು ಆರಿತಂದ್ರ ಒಂದನ್ನೊಂದು ಅಪ್ಪಿಕೊಂಡುಬಿಡ್ತಾವ."

"ಬಿಡಸೂದು ಹೆಂಗ್ರಿ?"

"ಅವಕ್ಕ ಸೇರೂ ಜಾಗಾ ಕೊಡಬೇಕು."

ಮರುದಿನ ಸ್ಪಿರಿಟ್ ತಂದರು. ಹಿತ್ತಲಲ್ಲಿ ಇಬ್ಬರೂ ಕುಳಿತು ಅದ್ದಿ ಅದ್ದಿ ಎಳೆದೆವು. ನೀರಿಗೆ ಜಗ್ಗದ ಮಡಿಕೆಗಳು ಒಂದೊಂದಾಗಿ, ಬಹಳ ದಿನಕ್ಕೆ ನೆಂಟರನ್ನು ಕಂಡ ಹೆಂಗಸರ ಹಾಗೆ ಸಡಿಲಾದವು. ನನಗೂ ಅಷ್ಟೇ ಬೇಕಾಗಿದ್ದುದು ಎನ್ನಿಸಿತು. ಇಲ್ಲಿ ಮುದುಡಿ ಕುಳಿತವಳು ಅವ್ವನ ಅಡುಗೆಮನೆಯಲ್ಲಿ ಕಾಲು ಚಾಚಿದರೆ ಸಾಕು, ನಾನೂ ಬಿಚ್ಚಿಕೊಳ್ಳುತ್ತೇನೆ.

ಅಳ್ನಾವರದಲ್ಲಿ ರೈಲುಗಾಡಿ ಬದಲಿಸಿ, ಕಣ್ಣಲ್ಲಿ ಎಂಜಿನ್ನಿನ ಇದ್ದಲ ಕಣ ತುಂಬಿಕೊಂಡು, ಆಸ್ಪತ್ರೆಯಂತೆ ನಾರುವ ಸೀರೆಯಲ್ಲಿ ಮನೆ ಮುಟ್ಟಿದೆ. ಸೀರೆಯ ಸಂಗತಿ ಯಾರಿಗೂ ತಿಳಿಯಲಿಲ್ಲ. ಅಡುಗೆಮನೆಗೆ ಹೊರಟರೆ ಅವ್ವ, "ನೀ ಕುಂದ್ರವಾ, ದೂರಿಂದ ಬಂದೀ" ಎಂದು ಪಡಸಾಲೆಯ ಕುರ್ಚಿ ತೋರಿಸಿದಳು. ನಮ್ಮಲ್ಲಿ ಮನೆಯವರಿಗೆ ಚಹಾ ಹಿತ್ತಾಳೆ ಲೋಟದಲ್ಲಿ. ಪಿಂಗಾಣಿಯ ಕಪ್ಪು-ಬಸಿ ಕಪಾಟಿನಿಂದ ಇಳಿಯುವುದು ಬಂದವರಿಗೆ ಮಾತ್ರ. ಅವ್ವ ಕಪ್ಪು-ಬಸಿ ಹಿಡಿದು ಬಂದಳು.

ಜಗಳ ತೆಗೆಯಬೇಕು, ನನ್ನ ಲೋಟ ಎಲ್ಲಿ ಎಂದು ಕೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಿಂದ ಬಸಿ ತೆಗೆದುಕೊಂಡು, ಹೆತ್ತ ತಾಯಿಗೆ "ಥ್ಯಾಂಕ್ಯೂ" ಎಂದುಬಿಟ್ಟಿದ್ದೆ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಸಕ್ಕರಿ ಸಾಕೇನವಾ?"

ಸಾಕು ಎಂದೆ. ಸಾಕಾಗಿರಲಿಲ್ಲ.