ಸ್ಪಂಜು ಅಡಿಯಿಂದ ಎದ್ದ ದಿನ

ಸ್ಪಂಜುವಿನ ಬಾಯಿ ತುಂಬ ಪೇಸ್ಟಿನ ನೊರೆ ಇದ್ದಾಗಲೇ ಭಾವಮೈದ ಬಚ್ಚಲ ಬಾಗಿಲಿಗೆ ಒರಗಿ ನಿಂತು, “ಭಾವ, ಸಂಜೆಯಿಂದ ನನ್ನನ್ನ ಸರ್ ಅನ್ಬೇಕಾಗುತ್ತೆ. ಈಗಲೇ ಒಂದ್ಸಲ ಅಂದು ನೋಡಿ, ನಾಲಿಗೆ ಹೊರಳುತ್ತಾ ಅಂತ” ಎಂದ.

ಈ ಭಾವ ಸೋಫಾ ಅಂಗಡಿಯಲ್ಲಿ ಹೊಲಿಗೆಯವನು. ಇಪ್ಪತ್ತು ವರ್ಷ ಸ್ಪಂಜಿನ ಜೊತೆ ಬಾಳಿ, ಯಾರು ಒತ್ತಿದರೂ ತಗ್ಗುವ ಗುಣ ಬಂದು, ಹೆಸರೂ ಸ್ಪಂಜು ಎಂದೇ ಆಗಿತ್ತು. ಆ ಗುಣ ಕಳೆದುಕೊಳ್ಳಲೆಂದೇ ಜಿಯು ಜಿತ್ಸು ಎಂಬ ಕುಸ್ತಿಯ ತರಗತಿಗೆ ಸೇರಿದ. ಮನೆಯಲ್ಲೇ ಠಿಕಾಣಿ ಹೂಡಿದ್ದ ಹೆಂಡತಿಯ ತಮ್ಮನೂ ಬೆನ್ನಿಗೇ ಬಂದು ಸೇರಿದ. ಬಂದವನು ಎರಡೇ ವರ್ಷದಲ್ಲಿ ನೀಲಿ ಬೆಲ್ಟು ಕಟ್ಟಿಕೊಂಡು ಫೇಲಾದವರ ಬ್ಯಾಚಿಗೆ ಮೇಷ್ಟ್ರೂ ಆದ. ಸ್ಪಂಜುವಿನದು ಇನ್ನೂ ಬಿಳಿ ಬೆಲ್ಟು; ಅದೂ ಒಗೆದು ಒಗೆದು ಬೂದಿ ಬಣ್ಣ.

ಅವನು ಮುಗ್ಗರಿಸುತ್ತಿದ್ದುದು ಮೌಂಟ್‌ನಲ್ಲಿ. ಎದುರಾಳಿ ನಿಮ್ಮನ್ನು ಅಂಗಾತ ಕೆಡವಿ, ಕುದುರೆ ಏರಿದ ಹಾಗೆ ಹೊಟ್ಟೆಯ ಮೇಲೆ ಕೂರುತ್ತಾನೆ. ಎರಡು ನಿಮಿಷದೊಳಗೆ ತಪ್ಪಿಸಿಕೊಂಡರೆ ಪಾಸು. ಸ್ಪಂಜು ಎರಡು ಸಲ ಫೇಲಾಗಿದ್ದ. ಇವತ್ತು ಮೂರನೆಯದು. ಇವತ್ತೂ ಫೇಲಾದರೆ, ಮೂರು ಸಲ ಫೇಲಾದವರಿಗೆಂದೇ ಇರುವ ಭಾವಮೈದನ ಬ್ಯಾಚು. ತರಗತಿಯ ನಿಯಮ, ತಮ್ಮ ಬ್ಯಾಚಿನ ಮೇಷ್ಟ್ರು ಎಲ್ಲಿ ಸಿಕ್ಕರೂ ಸರ್ ಅನ್ನಬೇಕು. ಬೀದಿಯಲ್ಲೂ, ಊಟದ ಮೇಜಿನಲ್ಲೂ.

“ಒಂದು ಮಾತು ಅಂದ್ಬಿಟ್ರೆ ಏನ್ರೀ ಗಂಟು ಹೋಗೋದು?” ಎಂದಳು ಹೆಂಡತಿ.

“ಅವನ ಚಡ್ಡಿಗೆ ಗುಂಡಿ ಹಾಕಿದೋನು ನಾನು ಕಣೇ!” ಎಂದು ನೊರೆ ಉಗಿದ ಸ್ಪಂಜು. ಅಂಗಡಿಯಲ್ಲಿ ದಿನವಿಡೀ ‘ಹೂಂ ಸರ್, ಆಯ್ತು ಸರ್, ತಪ್ಪಾಯ್ತು ಸರ್’ ಅಂದು ಸವೆದ ನಾಲಿಗೆಗೆ ಮನೆಯಲ್ಲಷ್ಟೇ ರಜೆ ಇತ್ತು. ಅದನ್ನೂ ಕಿತ್ತುಕೊಂಡರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಅಂಗಡಿ ತಲುಪಿದವನೇ ಮಾರಾಟಕ್ಕಿಟ್ಟ ಮಂಚವೊಂದರ ಹಾಸಿಗೆಯ ಮೇಲೆ ಅಂಗಾತ ಬಿದ್ದು ಬಡಗಿಯನ್ನು ಕರೆದ. “ಮೇಸ್ತ್ರಿ, ಸ್ವಲ್ಪ ನನ್ನ ಹೊಟ್ಟೆ ಮೇಲೆ ಕೂತ್ಕೊಳ್ಳಿ.”

“ಯಾಕೋ, ವಾಯು ಹಿಡ್ಕೊಂಡಿದೆಯಾ?”

ವಿಷಯ ತಿಳಿದ ಮೇಲೆ ಬಡಗಿ ಕುತೂಹಲಕ್ಕೆ ಹತ್ತಿ ಕೂತ. ಸ್ಪಂಜು ಎರಡೂ ಕೈ ನೀಳವಾಗಿ ಚಾಚಿ ಅವನ ಎದೆ ನೂಕಿದ. “ಇಷ್ಟು ಉದ್ದ ಕೈ ಕೊಟ್ರೆ ಕಡ್ಡಿ ಥರ ಮುರೀಬಹುದಲ್ಲೋ!” ಎಂದು ಬಡಗಿ ಮೊಣಕೈಯನ್ನು ಸ್ವಲ್ಪ ತಿರುಚಿ ತೋರಿಸಿದ. ಯಾವ ಬೆಲ್ಟೂ ಇಲ್ಲದವನಿಗೆ ಕೂತ ಅರೆಗಳಿಗೆಯಲ್ಲಿ ದಾಳಿ ಮಾಡುವ ವಿದ್ಯೆ ಬಂದಿತ್ತು. ಮೇಲೆ ಕೂತವನಿಗೆ ಬುದ್ಧಿ ತಾನಾಗಿ ಬರುತ್ತದೆ.

ಕಿರುಚಾಟ ಕೇಳಿ ಪಾಲಿಷಿನವನು ಬಂದ, ಲಾರಿಗೆ ಸಾಮಾನು ಹೇರುವವನು ಬಂದ. ಒಬ್ಬೊಬ್ಬರಿಗೂ ಒಮ್ಮೆ ಕೂತು ನೋಡುವ ಆಸೆ. “ಸೊಂಟ ಎತ್ತೋ!” “ಉಸಿರು ಹಿಡಿಯೋ!” “ಧೈರ್ಯ ಇಲ್ಲ ಇವನಿಗೆ!” ಅಡಿಯಲ್ಲಿ ಸಿಕ್ಕವನಿಗೆ ಎಲ್ಲರೂ ಉಪದೇಶ ಹೇಳಿದರು; ಎದೆ ಬಿಟ್ಟು ಮಾತ್ರ ಯಾರೂ ಇಳಿಯಲಿಲ್ಲ.

ಮತ್ತೆ ತನ್ನ ಸರದಿ ಬಂದಾಗ ಬಡಗಿ ಕಿವಿಯ ಪೆನ್ಸಿಲು ತೆಗೆದು ಯೋಚಿಸಿದ. “ಈಗ ನಾನೊಂದು ಸ್ಟೂಲು ಅಂದ್ಕೋ. ಎರಡು ಕೈ, ಎರಡು ಮೊಣಕಾಲು, ನಾಲ್ಕು ಕಾಲಾಯ್ತು. ಒಂದೇ ಪಕ್ಕದ ಎರಡು ಕಾಲು ಕಿತ್ತರೆ ಸ್ಟೂಲು ಏನಾಗುತ್ತೆ?”

“ಆ ಪಕ್ಕಕ್ಕೆ ಬೀಳುತ್ತೆ.”

“ಮತ್ತೆ ಇಷ್ಟು ದಿನ ನಟ್ಟನಡುವೆ ಯಾಕೋ ನೂಕ್ತಿದ್ದೆ?”

ಸ್ಪಂಜುವಿನ ತಲೆಯಲ್ಲಿ ದೀಪ ಹತ್ತಿತು. ಬಡಗಿಯ ಬಲಗೈಯನ್ನು ಎದೆಗೆ ಅವುಚಿಕೊಂಡ, ಅದೇ ಪಕ್ಕದ ಅವನ ಪಾದವನ್ನು ತನ್ನ ಪಾದದಿಂದ ಒತ್ತಿ ಹಿಡಿದ, ಸೊಂಟ ಎತ್ತಿ ಹೊರಳಿದ. ಇಬ್ಬರೂ ಮಂಚದಿಂದ ದಬಾರನೆ ಉರುಳಿ, ಗಿರಾಕಿಯೊಬ್ಬಳನ್ನು ಒಳಕ್ಕೆ ಕರೆತರುತ್ತಿದ್ದ ಯಜಮಾನನ ಕಾಲ ಬುಡಕ್ಕೆ ಬಿದ್ದರು.

ಯಜಮಾನ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಹಾಸಿಗೆ ಒತ್ತಿ ನೋಡಿ, “ಇಬ್ಬರು ಗಂಡಸರು ಹೊರಳಾಡಿದ್ರೂ ಕುಗ್ಗಿಲ್ವಲ್ರೀ! ಇದನ್ನೇ ಕಳಿಸಿ” ಎಂದಳು.

ಯಜಮಾನನ ಬಾಯಿ ನಗೆಗೆ ತಿರುಗಿತು. ಆಮೇಲೆ ಬಂದ ಪ್ರತಿ ಗಿರಾಕಿಯ ಮುಂದೂ ಅದೇ ಆಟ. ನಾಲ್ಕು ಗಂಟೆಯ ಹೊತ್ತಿಗೆ ಬಡಗಿಯ ಸೊಂಟ ಸೋತಿತು. ಹುರುಪು ತಡೆಯದ ಯಜಮಾನ ತಾನೇ ಹತ್ತಿ ಕೂತ. ಇಪ್ಪತ್ತು ವರ್ಷದ ಭಾರ ಅದು. ಕೈ ಅವುಚಿದ, ಪಾದ ಒತ್ತಿದ, ಸೊಂಟ ಎತ್ತಿದ ಸ್ಪಂಜು. ಯಜಮಾನ ಮಂಚದಾಚೆ ಹೋಗಿ ಬಿದ್ದ. ಕನ್ನಡಕ ಬೀರುವಿನಡಿ ಸೇರಿತು.

“ತಪ್ಪಾಯ್ತು ಸರ್” ಎಂದ ಸ್ಪಂಜು. ಹೇಳುವಾಗ ಇಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.

ಸಂಜೆ ಪರೀಕ್ಷೆಯಲ್ಲಿ ಅವನ ಹೊಟ್ಟೆ ಏರಿದವನು ಗುಂಡುಕಲ್ಲು ಎಂದೇ ಹೆಸರಾದ, ಪೀಪಾಯಿಯಂಥ ಲಾರಿ ಡ್ರೈವರು. ಒಂದು ನಿಮಿಷ ಸ್ಪಂಜು ಮೊಣಕೈ ಬಿಗಿದುಕೊಂಡು ಸುಮ್ಮನೆ ಬಿದ್ದಿದ್ದ. ಕುತ್ತಿಗೆ ಹಿಡಿಯಲೆಂದು ಗುಂಡುಕಲ್ಲು ಬಲಗೈ ಚಾಚಿದ್ದೇ ತಡ, ಸ್ಟೂಲಿನ ಒಂದು ಪಕ್ಕದ ಎರಡು ಕಾಲೂ ಕಿತ್ತುಬಂದವು. ಜಗತ್ತು ತಿರುಗಿತು. ನೋಡಿದರೆ ಸ್ಪಂಜು ಮೇಲಿದ್ದ! ಅಡಿಯಿಂದ ಬರೀ ಛಾವಣಿ ನೋಡಿ ಗೊತ್ತಿದ್ದವನು, ಮೇಲಿಂದ ಮನುಷ್ಯನ ಮುಖ ಹೀಗೆ ಕಾಣುತ್ತಾ ಎಂದು ಬಗ್ಗಿ ಬಗ್ಗಿ ನೋಡಿದ.

“ಪಾಸು!” ಎಂದ ಕೋಚ್. ಸ್ಪಂಜು ಭಾವಮೈದನತ್ತ ತಿರುಗಿ ಮೀಸೆ ಇಲ್ಲದ ಕಡೆ ಮೀಸೆ ತಿರುವಿದ. ಅವನು ಮಾತ್ರ ಹಲ್ಲು ಕಿರಿದು ಬೆಲ್ಟು ಬಿಗಿದುಕೊಳ್ಳುತ್ತಿದ್ದ.

“ತಪ್ಪಿಸಿಕೊಳ್ಳೋದು ಬಂತು. ಇನ್ನು ಎದುರಾಳಿ ಮೇಲೆ ಕೂತು ದಾಳಿ ಮಾಡೋದು ಕಲೀರಿ” ಎಂದ ಕೋಚ್. “ದಾಳಿ ಬ್ಯಾಚಿಗೆ ಇವತ್ತಿಂದ ನಿಮ್ಮ ಭಾವಮೈದನೇ ಮೇಷ್ಟ್ರು. ನಿನ್ನೆ ತಾನೇ ಅವನನ್ನ ಮೇಲಕ್ಕೆ ಹಾಕಿದೆ.”

ಸ್ಪಂಜು ಇಲ್ಲದ ಮೀಸೆಯಿಂದ ಕೈ ತೆಗೆದ. “ಮತ್ತೆ... ಫೇಲಾದವರ ಬ್ಯಾಚು?”

“ಅದನ್ನ ನಾನೇ ನೋಡ್ಕೋತೀನಿ.”

ಭಾವಮೈದ ಚಾಪೆ ತಟ್ಟಿ ಕರೆದ. “ಬನ್ನಿ ಭಾವ, ಅಂಗಾತ ಮಲಗಿ. ದಾಳಿ ಹೇಗೆ ಅಂತ ನಿಮ್ಮ ಮೇಲೇ ತೋರಿಸ್ತೀನಿ.” ಹತ್ತಿ ಕೂತು, ಎರಡೂ ಕೈ ಮಡಚಿ ಕಂಕುಳಿಗೆ ಸೇರಿಸಿಕೊಂಡ. ಹಿಡಿಯಲು ಸ್ಟೂಲಿಗೆ ಕಾಲೇ ಇರಲಿಲ್ಲ. “ಮೊದಲು ಏನನ್ನಬೇಕು?”

ಸ್ಪಂಜು ಮತ್ತೆ ಅದೇ ಛಾವಣಿ ನೋಡಿದ.

“ಸರ್” ಎಂದ ಮೆಲ್ಲಗೆ. “ಒಂದು ಅನುಮಾನ ಇತ್ತು, ಸರ್. ಪಾಸಾದ ಮೇಲೆ ಫೇಲಾಗೋಕೆ ಏನು ಮಾಡ್ಬೇಕು?”