ನಿಶ್ಚಯವಾದ ವರನನ್ನು ಇನ್ನೂ ಕನ್ಯೆ ಹುಡುಕಲು ನಿಲ್ಲಿಸಿರುವ ಬಗ್ಗೆ

ಇಂದ:
ಅರುಣಕುಮಾರ, ಅತನೂರ, ತಾ. ಅಫಜಲಪುರ
(ವಧು-ವರ ಸೇವಾ ಬಳಗದ ವೆಬ್‌ಸೈಟ್ ನೋಡಿಕೊಳ್ಳುವವನು, ಅದೇ ವೆಬ್‌ಸೈಟಿನ ವರ)

ಗೆ:
ಶ್ರೀ ಕ್ಯಾಶಿಂಗ್ ತಂತ್ರಾಂಶದವರು,
ಪುಟಗಳ ನಕಲು ಇಟ್ಟುಕೊಂಡು ಬೇಗನೆ ತೋರಿಸುವ ಅಧಿಕಾರಿಗಳು,
ಬಳಗದ ಸರ್ವರ್

ವಿಷಯ: ನನ್ನನ್ನು 'ಕನ್ಯೆ ಬೇಕಾಗಿದೆ' ಪುಟದಿಂದ ಬಿಡುಗಡೆ ಮಾಡುವ ಕುರಿತು.

ಉಲ್ಲೇಖ: ಭಾವಿ ಅತ್ತೆ ಶಾರದಾಬಾಯಿಯವರ ಫೋನು, ಇಂದು ಬೆಳಿಗ್ಗೆ, ನಾನು ಲಿಂಗಪೂಜೆಯಲ್ಲಿದ್ದಾಗ.

ಮಾನ್ಯರೇ,

ಹಣೆಬರಹವನ್ನಾದರೂ ಶಿವ ತಿದ್ದುತ್ತಾನೆ, ತಾವು ತಿದ್ದುವುದಿಲ್ಲ. ತಮ್ಮ ನಿಷ್ಠೆಗೆ ಮೊದಲು ಶರಣು.

೧. ಗೊಬ್ಬೂರದ ಶೈಲಶ್ರೀಗೆ ಉಡಿ ತುಂಬಿ ಲಗ್ನ ನಿಶ್ಚಯವಾದ ದಿನವೇ ನನ್ನ ಪುಟ ಅಳಿಸಿದ್ದೇನೆ. ತಾವು ಹಳೆಯ ನಕಲನ್ನೇ ತೋರಿಸುತ್ತಿರುವ ಕಾರಣ, ಆಳಂದ, ಜೇವರ್ಗಿ ಕಡೆಯ ಕನ್ಯಾಪಿತೃಗಳು ಇಂದಿಗೂ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾರೆ.

೨. ತಮ್ಮನ್ನು ಖಾಲಿ ಮಾಡಿದರೆ ಪುಟ ಹೋಗುತ್ತದೆ. ಆದರೆ ವರಗಳ ಫೋಟೊ ಭಾರಕ್ಕೆ ತಾವು ಪದೇ ಪದೇ ಮೂರ್ಛೆ ಹೋಗುತ್ತೀರಿ. ಎದ್ದ ಕೂಡಲೇ ಡಿಸ್ಕಿನಲ್ಲಿರುವ ಮೊದಲ ಪ್ರತಿ ಓದಿಕೊಂಡು, ನನ್ನನ್ನು ಮತ್ತೆ ಬ್ರಹ್ಮಚಾರಿ ಮಾಡುತ್ತೀರಿ. ತಮಗೆ ಪೂರ್ತಿ ವಿಶ್ರಾಂತಿ ಕೊಟ್ಟರೆ ವೆಬ್‌ಸೈಟೇ ಮಲಗುತ್ತದೆ.

೩. ಆದ್ದರಿಂದ ಆ ಪ್ರತಿಯನ್ನೇ ಅಳಿಸಲು ಹೋದೆ. ಬಳಗದ ಅಧ್ಯಕ್ಷರಾದ ಶಿವರಾಯ ಮುತ್ಯಾ ಅಡ್ಡ ಬಂದರು. ಉದ್ಘಾಟನೆಯ ದಿನ ಡಿಸ್ಕಿಗೆ ವಿಭೂತಿ ಹಚ್ಚಿ, ಯಾರೂ ತಿದ್ದದಂತೆ ಅದಕ್ಕೆ ಬೀಗ ಹಾಕಿಸಿದವರು ಅವರೇ.

"ಪೂಜಾ ಮಾಡಿದ್ದಕ್ಕ ಕೈ ಹಚ್ಚತೀ ಏನಲೇ?"

"ಮುತ್ಯಾ, ನನ್ನ ಲಗ್ನ ಮುರೀತದರಿ."

"ಮುರೀಲಿ ತಗಿ. ನಮ್ಮಲ್ಲಿ ಕನ್ಯಾಕ್ಕೇನು ಬರಾ?"

೪. ಇದೇ ಕಾರಣದಿಂದ ಇಂದು ಶಾರದಾಬಾಯಿಯವರು ಅಪ್ಪಣೆ ಕೊಡಿಸಿದ್ದು: "ಏನ್ರಿ ಅಳ್ಯಾ, ನಮ್ಮ ಹುಡುಗಿಗಿ ಉಡಿ ತುಂಬಿ ಮತ್ತ ಸಂತ್ಯಾಗ ನಿಂತೀರಲ್ಲ! ನೀವು ಪುಟಾ ತೋರಿಸಿದಾಗ ನಿಮ್ಮ ಫೋಟೊ ಇರಂಗಿಲ್ಲ, ನಾ ತಗದ್ರ ನಕ್ಕೋತ ಕುಂತಿರತೀರಿ." ತಂತ್ರಾಂಶದ ದೋಷವೆಂದು ವಿನಯದಿಂದ ನಿವೇದಿಸಿದೆ. "ಗಂಡಸರ ದೋಷಕ್ಕ ಈಗ ಹೊಸಾ ಹೆಸರು ಬಂದಾವ" ಎಂದು ಸಂಬಂಧ ಮುರಿದರು.

೫. ತರುವಾಯ ಶೈಲಶ್ರೀಯ ಫೋನು ಬಂತು. "ಅಳಬ್ಯಾಡ್ರಿ. ಆ ಹಳೇ ಪ್ರತಿಯೊಳಗ ನಾನೂ ಇನ್ನಾ ಕನ್ಯಾನೇ ಅದೀನಿ. ಹೊಸದಾಗಿ ಪ್ರಸ್ತಾವ ಕಳಸ್ರಿ, ಅವ್ವನ ಫೋನಿಗೇ ಬರ್ತದ. ಅಕಿಗಿ ಸಿಟ್ಟು ಆ ಪುಟದ ಮ್ಯಾಲ, ನಿಮ್ಮ ಮ್ಯಾಲ ಅಲ್ಲ." ಕಳಿಸಿದ್ದೇನೆ.

ಆದ್ದರಿಂದ, ಮೇಲ್ಕಾಣಿಸಿದ ವಿಷಯದ ಕೋರಿಕೆಯನ್ನು ಸಂತೋಷದಿಂದ ಹಿಂಪಡೆಯುತ್ತೇನೆ.

ತಮ್ಮ ಮೇಲೆ ಬೇರೆ ದಾರಿಯಿಲ್ಲದೆ ವಿಶ್ವಾಸವಿಟ್ಟಿರುವ,
ಅರುಣಕುಮಾರ

ಅಡಕಗಳು:
೧. ಲಗ್ನದ ಪ್ರಸ್ತಾವ, ಎರಡನೆಯ ಸಲ.
೨. ವಿಭೂತಿ, ಒಂದು ಚಿಟಿಕೆ, ತಮ್ಮ ಮೂರ್ಛೆಗೆ.

ಕೊನೆಯ ವಿನಂತಿ: ಶಾರದಾಬಾಯಿಯವರು 'ಒಪ್ಪಿಗೆ' ಒತ್ತುವವರೆಗೆ ದಯವಿಟ್ಟು ಮೂರ್ಛೆ ಬೀಳಬಾರದು. ಒತ್ತಿದ ಮೇಲೆ ಧಾರಾಳವಾಗಿ ಬೀಳಬಹುದು; ನಮ್ಮ ತಲೆಯ ಮೇಲೆ ಲಗ್ನದ ಅಕ್ಕಿಕಾಳು ಬೀಳುವವರೆಗೆ ಏಳದಿದ್ದರೆ ಸಾಕು.